ಇಳಿಯಲೆಂದು ಕಟ್ಟಿದ ಸೈಕಲ್ಲು

ಲಕ್ಷ್ಮೇಶ್ವರದಿಂದ ಶಿಗ್ಲಿಗೆ ಹೋಗುವ ದಾರಿಯ ಬಾಯಲ್ಲಿ, ಬೇವಿನ ಮರದ ಕೆಳಗೆ, ತಗಡು ಹೊದಿಸಿದ ಒಂದು ಅಂಗಡಿ. ನಸುಕಿನ ನಮಾಜು ಮುಗಿಸಿ ಬಂದ ಯಮನೂರಸಾಬರು ಬಾಗಿಲ ಸರಪಳಿ ಕಳಚಿ, ಒಳಗಿದ್ದ ಸೈಕಲ್ಲುಗಳನ್ನು ಒಂದೊಂದಾಗಿ ಹೊರತಂದು ನಿಲ್ಲಿಸಿದ್ದಾರೆ. ಮೂಡಣ ಇನ್ನೂ ಬೂದಿಯ ಬಣ್ಣದಲ್ಲಿದೆ. ದಿನವೂ ಈ ಹೊತ್ತಿಗೆ ಅವರ ಕಣ್ಣು, ಕಿವಿ, ಕೈ ಮೂರೂ ಒಂದೇ ಕೆಲಸದಲ್ಲಿ ನೆಟ್ಟಿರುತ್ತವೆ. ಇಂದು ಕೈ ಮಾತ್ರ ಕೆಲಸದಲ್ಲಿದೆ. ಕಣ್ಣೂ ಕಿವಿಯೂ ದಾರಿಯ ಮೇಲಿವೆ. ನೀರಿನ ಬೋಗುಣಿಯಲ್ಲಿ ಅದ್ದಿದ ಟ್ಯೂಬು ಒಂದೇ ಸಮನೆ ಗುಳ್ಳೆ ಬಿಡುತ್ತಿದ್ದರೂ ಅವರು ಅದನ್ನು ಕಂಡೂ ಕಾಣದವರಂತೆ ಕುಳಿತಿದ್ದಾರೆ.

"ಆ ಟ್ಯೂಬಿಂದು ಜಳಕಾ ಮುಗದು ತಾಸಾತು," ಎಂದು ಒಳಗಿನಿಂದ ಅವರ ಮಡದಿ ದಿಲಶಾದಬಿ ಕೂಗುತ್ತಾರೆ. "ಮ್ಯಾಲೆ ತಗೀರಿ, ಥಂಡಿ ಹತ್ತೀತು ಅದಕ್ಕ."

ಯಮನೂರಸಾಬರು ಕಾಯುತ್ತಿರುವುದು ಶಿಗ್ಲಿಯ ಗುರುಸಿದ್ದವ್ವನವರನ್ನು. ಲಕ್ಷ್ಮೇಶ್ವರದ ವಿದ್ಯಾರ್ಥಿನಿಲಯವೊಂದರಲ್ಲಿ ವರ್ಷಾನುವರ್ಷದಿಂದ ಅಡುಗೆ ಮಾಡುತ್ತಿರುವ, ಐವತ್ತರ ಹತ್ತಿರದ ಹೆಣ್ಣುಮಗಳು ಅವರು. ಅವರ ಮನೆಯ ಒಲೆ ಆ ನಿಲಯದ ಒಲೆಯನ್ನು ನಂಬಿ ಉರಿಯುತ್ತದೆ. ನಸುಕಿನ ಬಸ್ಸು ನಿಂತುಹೋದ ಮೇಲೆ ಆರು ಗಂಟೆಯೊಳಗೆ ಅಲ್ಲಿಗೆ ಮುಟ್ಟಲು ಸೈಕಲ್ಲನ್ನು ಬಿಟ್ಟರೆ ಬೇರೆ ಉಪಾಯವಿಲ್ಲ. ಮಕ್ಕಳ ಉಪ್ಪಿಟ್ಟು ಈಗಾಗಲೇ ಎರಡು ಸಲ ತಡವಾಗಿದೆ. ಇನ್ನೊಮ್ಮೆ ತಡವಾದರೆ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತೇವೆಂದು ನಿಲಯದವರು ಸ್ಪಷ್ಟವಾಗಿ ಹೇಳಿದ್ದಾರೆ. ಆ ಎರಡು ತಡಕ್ಕೂ ಕಾರಣ ಯಮನೂರಸಾಬರು ಕಟ್ಟಿಕೊಟ್ಟ ಸೈಕಲ್ಲು. ನಿನ್ನೆ ಸಂಜೆ ಅದನ್ನು ಮೂರನೆಯ ಬಾರಿ ಕಟ್ಟಿ ಕೊಟ್ಟಿದ್ದಾರೆ. ಅದರ ಪರೀಕ್ಷೆ ಈ ಬೆಳಗಿನದು.

ಸೈಕಲ್ಲನ್ನು ಕಟ್ಟುವುದು ಎಂಬ ಮಾತಿಗೆ ಈ ಅಂಗಡಿಯಲ್ಲಿ ಒಂದು ವಿಶೇಷಾರ್ಥವಿದೆ. ಹಳೆಯದೋ ಹೊಸದೋ, ತಂದ ಗಾಡಿಯನ್ನು ಅದನ್ನು ದಿನವೂ ಏರಿ ದುಡಿಯಲು ಹೋಗುವವರ ಮೈಗೂ ದಾರಿಗೂ ಹೊಂದಿಸುವುದೇ ಕಟ್ಟುವುದು. ಪಂಕ್ಚರು, ಬ್ರೇಕುಗಳ ಕೆಲಸ ದಿನಕ್ಕೆ ಹತ್ತು ಹನ್ನೆರಡು ಬರುತ್ತವೆ. ಕಟ್ಟುವ ಕೆಲಸ ವಾರಕ್ಕೊಂದು ಬಂದರೆ ಹೆಚ್ಚು. ಆದರೂ ಶಿರಹಟ್ಟಿಯಿಂದ, ಮುಂಡರಗಿಯಿಂದ, ಮುಳಗುಂದದಿಂದ ಜನ ಸೈಕಲ್ಲನ್ನು ಬಸ್ಸಿನ ಮಾಳಿಗೆಗೆ ಏರಿಸಿಕೊಂಡು ಇಲ್ಲಿಗೆ ಬರುತ್ತಾರೆ.

ಶಾಸನಗಳು ಪುಲಿಗೆರೆಯೆಂದು ಕರೆದ ಈ ಊರಿನಲ್ಲಿ ಕಲ್ಲನ್ನು ಅಳೆದು ಕಡೆದವರ ಕೈಗುಣ ಸೋಮೇಶ್ವರನ ಗುಡಿಯ ಗೋಡೆಗಳಲ್ಲಿ ಇಂದಿಗೂ ಬಾಳುತ್ತಿದೆ. ಶಿಲ್ಪಶಾಸ್ತ್ರದಲ್ಲಿ ಮೂರ್ತಿಯ ಮುಖದ ಉದ್ದವೇ ಅದರ ಉಳಿದ ಮೈಗೆಲ್ಲ ಮಾನ. ಯಮನೂರಸಾಬರ ಅಂಗಡಿಯಲ್ಲಿಯೂ ಅಳತೆಯ ಪಟ್ಟಿಯಿಲ್ಲ, ಬಂದವರ ಮೈಯೇ ಮಾನ. ಸೀಟನ್ನು ಕಂಕುಳಿಗೆ ಒತ್ತಿಕೊಂಡು ಕೈ ಚಾಚಿದರೆ ಬೆರಳ ತುದಿ ಪೆಡಲು ತಿರುಗುವ ಅಚ್ಚಿಗೆ ತಾಕಬೇಕು. ಸೀಟಿನ ಮೂತಿಗೆ ಮೊಣಕೈ ಊರಿ ಮುಂದೆ ನೀಡಿದರೆ ನಡುಬೆರಳು ಹ್ಯಾಂಡಲನ್ನು ಸೋಕಬೇಕು. ಇಷ್ಟಾದರೆ ಅಂಗಾಂಗಗಳ ಲೆಕ್ಕ ಮುಗಿಯಿತು. ಆದರೆ ಈ ಲೆಕ್ಕಕ್ಕೆ ಮೊದಲು ಅವರು ಒಂದು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಳ್ಳುವುದಿಲ್ಲ.

"ಎಷ್ಟು ದೂರ ಹೋಗ್ತೀರಿ ಅಂತ ಕೇಳಂಗಿಲ್ಲ ನಾ. ಎಲ್ಲೆಲ್ಲಿ ಇಳೀತೀರಿ, ಅದನ್ನ ಹೇಳ್ರಿ ಅಂತೇನಿ. ಹತ್ತಿ ಕುಂತ ಮ್ಯಾಲೆ ಎಲ್ಲಾ ಸೈಕಲ್ಲೂ ಓಡ್ತಾವ. ಮನಿಷ್ಯಾ ಬೀಳೂದು ಇಳಿಯೂ ಮುಂದ, ಹತ್ತೂ ಮುಂದ."

ಮನೆಮನೆಗೆ ಹಾಲು ಹಾಕುವ ಸುಭಾಷನಿಗೆ ಬಾಗಿಲು ಬಾಗಿಲಿಗೆ ಇಳಿಯುವ ಕೆಲಸ. ಅವನ ಸೈಕಲ್ಲಿಗೆ ಕಾಲಿನಿಂದಲೇ ಇಳಿಬಿಡಬಹುದಾದ, ಎರಡೂ ಕಡೆಗೆ ಅಗಲವಾಗಿ ಕಾಲೂರುವ ಸ್ಟ್ಯಾಂಡಿದೆ. ಕ್ಯಾನು ತುಂಬಿದ್ದರೂ ವಾಲುವುದಿಲ್ಲ. ಮುಳಗುಂದದ ಹಿರಿಯರೊಬ್ಬರಿಗೆ ಕಾಲನ್ನು ಹಿಂದಿನಿಂದ ಎತ್ತಿ ಹಾಯಿಸಲಾಗದು. ಅವರದಕ್ಕೆ ಮೇಲಿನ ಅಡ್ಡಪೈಪನ್ನೇ ತೆಗೆದು, ಕೆಳಗೆ ಬೇರೊಂದನ್ನು ಬೆಸೆದಿದ್ದಾರೆ.

ಈ ವಿದ್ಯೆ ತಂದೆ ಖಾಸಿಂಸಾಬರಿಂದ ಬಂದದ್ದು. ಹಾಗೆಂದು ತಂದೆ ಇದನ್ನು ಕಲಿಸಿದರೆಂದಲ್ಲ. ಖಾಸಿಂಸಾಬರು ತಾಸಿನ ಲೆಕ್ಕದಲ್ಲಿ ಸೈಕಲ್ಲು ಬಾಡಿಗೆಗೆ ಕೊಡುತ್ತಿದ್ದವರು. ಒಂದೇ ಗಾಡಿಯನ್ನು ಬೆಳಗ್ಗೆ ಶಾಲೆಯ ಹುಡುಗ, ಮಧ್ಯಾಹ್ನ ದಲಾಲಿ, ಸಂಜೆ ಮದುಮಗ ಒಯ್ಯುತ್ತಿದ್ದರು. "ಬಾಡಗಿ ಸೈಕಲ್ ಎಲ್ಲಾರಿಗೂ ಆಗ್ತಿತ್ತು, ಅಂದ್ರ ಯಾರಿಗೂ ಆಗ್ತಿದ್ದಿಲ್ಲ," ಎಂದು ಯಮನೂರಸಾಬರು ನಗುತ್ತಾರೆ. "ಸಂಜೀಕ ಬಂದವರೆಲ್ಲಾ ಟೊಂಕಾ ಹಿಡಕೊಂಡ ಬರತಿದ್ರು. ಆವಾಗ ಅನ್ಕೊಂಡೆ, ಒಬ್ಬರಿಗೆ ಒಂದು ಅಂತ ಕಟ್ಟಿಕೊಟ್ರ ಹೆಂಗ?" ಮೋಟಾರುಬೈಕುಗಳು ಬಂದು ದಾರಿಯ ಉಳಿದ ಸೈಕಲ್ಲಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಈ ಅಂಗಡಿ ಉಳಿದದ್ದು ಆ ಒಂದು ಯೋಚನೆಯಿಂದ. ಉಳಿಯಿತೆಂದರೆ ಬೆಳೆಯಿತೆಂದಲ್ಲ. ತಗಡು ಅಂದಿನದೇ, ಮಳೆಗಾಲದಲ್ಲಿ ಬೋಗುಣಿಗೆ ನೀರು ತರುವ ಕೆಲಸ ಮಾತ್ರ ತಪ್ಪುತ್ತದೆ.

ಗುರುಸಿದ್ದವ್ವನವರು ಮೊದಲ ಬಾರಿ ಬಂದಾಗಲೂ ಇದೇ ಪ್ರಶ್ನೆ ಎದುರಾಯಿತು.

"ಎಲ್ಲೆಲ್ಲಿ ಇಳೀತೀ ತಂಗಿ?"

"ಎಲ್ಲೂ ಇಳಿಯಂಗಿಲ್ಲರಿ ಅಣ್ಣಾರ. ಮನಿ ಬಿಟ್ರ ನೆಟ್ಟಗ ಹಾಸ್ಟೆಲ್."

ತವರಾದ ಕಣಗಿನಹಾಳದಲ್ಲಿ ಹುಡುಗಿಯಾಗಿದ್ದಾಗ ಅಣ್ಣನ ದೊಡ್ಡ ಸೈಕಲ್ಲಿಗೆ ಕಲ್ಲಿನ ಮೇಲೆ ನಿಂತು ಹತ್ತಿ ಕಲಿತವರು ಅವರು. ಮದುವೆಯಾದ ಮೇಲೆ ಮುಟ್ಟಿರಲಿಲ್ಲ. ಹೊಡೆಯುವುದು ಮರೆತಿಲ್ಲವೆಂದು ಅಂಗಡಿಯ ಮುಂದೆಯೇ ಒಂದು ಸುತ್ತು ಹೊಡೆದು ತೋರಿಸಿದರು. ಯಮನೂರಸಾಬರು ಆ ಉತ್ತರವನ್ನು ನಂಬಿ, ಕಾಲು ಪೂರ್ತಿ ಚಾಚುವಂತೆ ಸೀಟು ಎತ್ತರಿಸಿ, ಸೀರೆ ಸಿಕ್ಕದಂತೆ ಹಿಂದಿನ ಗಾಲಿಗೆ ಜಾಲರಿ ಬಿಗಿದು, ಡೈನಮೋ ದೀಪ ಕೂಡಿಸಿ ಕಳಿಸಿದರು.

ಮರುದಿನ ಸಂಜೆ ಗುರುಸಿದ್ದವ್ವನವರು ಸೈಕಲ್ಲು ನೂಕಿಕೊಂಡು ಬಂದರು. ಅಂದು ಬೆಳಗಿನ ಉಪ್ಪಿಟ್ಟು ತಡವಾಗಿತ್ತು. ಯಮನೂರಸಾಬರು ಮೊದಲು ಪೆಡಲು ನೋಡಿದರು, ಆಮೇಲೆ ಅವರ ಚಪ್ಪಲಿ ನೋಡಿದರು. ಪೆಡಲಿನ ರಬ್ಬರಿಗೆ ಹೊಸತನ ಇನ್ನೂ ಹೋಗಿರಲಿಲ್ಲ. ಚಪ್ಪಲಿಗೆ ಮಾತ್ರ ಹಿಮ್ಮಡಿಯವರೆಗೆ ಧೂಳು.

"ತಂಗಿ, ನೀ ಸೈಕಲ್ ಹೊಡದಿಲ್ಲ. ಸೈಕಲ್ ಸಂಗಾಟ ನಡದೀ."

"ಹೊಡದೇನ್ರಿ," ಎಂದು ನೆಲ ನೋಡಿದರು ಗುರುಸಿದ್ದವ್ವ. "ಸ್ವಲ್ಪ."

ಸೀಟು ಎತ್ತರವಾಗಿದೆಯೆಂದು ಭಾವಿಸಿ ಯಮನೂರಸಾಬರು ಅದನ್ನು ತಗ್ಗಿಸಿದರು. ಪಾದ ನೆಲಕ್ಕೆ ಚೆನ್ನಾಗಿ ಎಟಕಿತು, ಆದರೆ ತುಳಿಯುವಾಗ ಮಂಡಿಗಳು ಮಿಡತೆಯ ಕಾಲಿನಂತೆ ಎದೆಯ ತನಕ ಏರತೊಡಗಿದವು. ಎರಡನೆಯ ಬೆಳಗ್ಗೆ ಅರ್ಧದಾರಿಯಲ್ಲಿ ಮಂಡಿ ಹಿಡಿದುಕೊಂಡು ಕುಳಿತವರು ಏಳುವ ಹೊತ್ತಿಗೆ ಬೆಳ್ಳಗೆ ಬೆಳಗಾಗಿತ್ತು. ಉಪ್ಪಿಟ್ಟು ಮತ್ತೆ ತಡವಾಯಿತು.

ಆ ಸಂಜೆ ಅಂಗಡಿಗೆ ಬಂದ ಅವರನ್ನು ದಿಲಶಾದಬಿ ಒಳಗೆ ಕರೆದು ಕೂಡಿಸಿ, ಚಹಾ ಕೊಟ್ಟು, ಬಾತಿದ ಮಂಡಿಗೆ ಕೈಯಾರೆ ಎಣ್ಣೆ ತಿಕ್ಕಿದರು. ಎಣ್ಣೆಯ ಜೊತೆಗೆ ನಿಜವೂ ಇಳಿಯಿತು. ಮನೆ ಬಿಟ್ಟ ಕೂಡಲೇ ಸಿಗುವುದು ಗಂಡನ ಅಣ್ಣ ಉಳವಪ್ಪನವರ ಮನೆ. ಅವರು ನಸುಕಿನಲ್ಲೇ ಎದ್ದು ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಊರ ಹೊರಗೆ ಹಣಮಂತ ದೇವರ ಗುಡಿ. ಲಕ್ಷ್ಮೇಶ್ವರ ಹತ್ತಿರವಾದಂತೆ ದಾರಿಯ ಬದಿಗೆ ಒಂದು ಚಿಕ್ಕ ದರ್ಗಾ. ಈ ಮೂರರ ಮುಂದೆಯೂ ಗುರುಸಿದ್ದವ್ವನವರು ಸೈಕಲ್ಲಿನಿಂದ ಇಳಿಯುತ್ತಾರೆ, ನಡೆದು ಹಾಯುತ್ತಾರೆ. ಸೀಟು ಎತ್ತರವಿದ್ದಾಗ ಮತ್ತೆ ಹತ್ತಲು ಕಲ್ಲು ಬೇಕು. ಕಲ್ಲು ಸಿಗುವವರೆಗೆ ನಡೆಯಬೇಕು.

"ಭಾವನ ಮನಿ ಮುಂದ ಸೈಕಲ್ ಮ್ಯಾಲೆ ಕುಂತು ಹೋಗೂ ಹೆಣ್ಮಗಳನ್ನ ಎಲ್ಲೆರ ನೋಡೀರೇನ್ರಿ?" ಎಂದು ದಿಲಶಾದಬಿ ಗಂಡನ ಕಡೆಗೆ ತಿರುಗಿದರು. "ಕಬ್ಬಣದಾಗ ಕೈಯಾಡಿಸಿ ಆಡಿಸಿ ನಿಮ್ಮ ತಲಿನೂ ಕಬ್ಬಣ ಆಗೈತಿ."

"ನಾ ಕೇಳಿದ್ನಲ್ಲಾ! ಆವತ್ತ ಯಾಕ ಹೇಳಲಿಲ್ಲ ತಂಗಿ?"

"ಮೂರು ಕಡೆ ಇಳಿಯೂದಿದ್ರ ಸೈಕಲ್ ಯಾಕ ಬೇಕು, ನಡಕೋತ ಹೋಗು ಅಂತ ನೀವು ನಕ್ಕರ? ಅದಕ್ಕ ಅಂಜಿದೆರಿ."

ಹಾಲಿನ ಕ್ಯಾನು ಇಳಿಸಿ ಗಾಳಿ ತುಂಬಿಸಿಕೊಳ್ಳುತ್ತಿದ್ದ ಸುಭಾಷ ಸುಮ್ಮನಿರಲಿಲ್ಲ. "ಬೆಲ್ ಹೊಡದು ಹೋಗಿಬಿಡು ಚಿಗವ್ವಾ. ಹಣಮಪ್ಪ ಏನು ನೋಟಿಸ್ ಕಳಸ್ತಾನ?"

"ಭಾವಾರೂ ಹಂಗ ಅಂತಾರಪಾ, ಇಳೀಬ್ಯಾಡ, ಕುಂತ ಹೋಗಬೇ ಅಂತ," ಎಂದರು ಗುರುಸಿದ್ದವ್ವ. "ಹಂಗ ಅನ್ನೂದು ಅವರ ದೊಡ್ಡತನ. ಆದ್ರ ಕುಂತು ಹೋಗಾಕ ನನ್ನ ಮನಸ್ಸು ಒಪ್ಪಬೇಕಲ್ಲ."

ಯಮನೂರಸಾಬರು ಸುಭಾಷನನ್ನು ನೋಡಿದರು. "ಲೇ ಸುಭಾಷ, ಹಾಲಿಗೆ ನೀರು ಹಾಕೂದು ಬಿಡಂದ್ರ ಬಿಡ್ತೀಯೇನು?"

"ಅದು ವ್ಯಾಪಾರ ಕಾಕಾ."

"ಇದು ಆಕಿ ನೇಮ. ನೇಮಾ ಬಿಡು ಅನ್ನಾಕ ನಾ ಯಾರು? ಪೈಪ್ ಬಗ್ಗತೈತಿ. ನಾ ಪೈಪ್ ಬಗ್ಗಸ್ತೇನಿ."

ಅರಸನಾದರೂ ಆಶ್ರಮದ ಎಲ್ಲೆಯಲ್ಲಿ ರಥದಿಂದಿಳಿದು ಪಾದಚಾರಿಯಾಗುವ ವಿನಯವನ್ನು ನಮ್ಮ ಪ್ರಾಚೀನ ಕಾವ್ಯಗಳು ಮತ್ತೆ ಮತ್ತೆ ವರ್ಣಿಸಿವೆ. ಆದರೆ ಕುದುರೆಗಳನ್ನು ಹಿಡಿದು ನಿಲ್ಲಲು ಅರಸನಿಗೆ ಸಾರಥಿಯಿದ್ದ. ಮರಳಿ ಏರುವ ಚಿಂತೆ ಅವನದಾಗಿರಲಿಲ್ಲ. ಸಾರಥಿಯಿಲ್ಲದ ಗುರುಸಿದ್ದವ್ವನವರಿಗೆ ಆ ವಿನಯವನ್ನು ಸುಲಭವಾಗಿಸಿಕೊಡುವ ಹೊಣೆ ಯಮನೂರಸಾಬರ ಹೆಗಲೇರಿತು.

ಸೀಟು ಮೇಲಿದ್ದರೆ ಪಾದ ನೆಲಕ್ಕೆಟಕದು, ಕೆಳಗಿದ್ದರೆ ಮಂಡಿ ತಾಳದು. ಎರಡನ್ನೂ ಒಂದುಗೂಡಿಸಲು ಅವರು ಕಂಡುಕೊಂಡ ಮಾರ್ಗವೆಂದರೆ ಸೀಟನ್ನು ಹಿಂದಕ್ಕೆ ಒಯ್ಯುವುದು. ಸೀಟಿನ ಪೈಪು ಹಿಂದಕ್ಕೆ ಬಾಗಿದರೆ ಕುಳಿತವರು ತಗ್ಗಿನಲ್ಲಿಯೇ ಇರುತ್ತಾರೆ, ಪೆಡಲು ಮುಂದಕ್ಕೆ ಉಳಿಯುತ್ತದೆ. ಕಾಲು ಕೆಳಗೆ ಚಾಚುವ ಬದಲು ಮುಂದಕ್ಕೆ ಚಾಚುತ್ತದೆ. ನಿಲ್ಲಿಸಿದಾಗ ಎರಡೂ ಪಾದ ನೆಲದ ಮೇಲೆ. ಗದಗ-ಬೆಟಗೇರಿಯ ಗುಜರಿ ಅಂಗಡಿಗಳಲ್ಲಿ ಅರ್ಧ ದಿನ ಅಲೆದು ದಪ್ಪನೆಯ ಪೈಪು ತಂದರು. ಬಾಗಿಸುವಾಗ ಚಪ್ಪಟೆಯಾಗದಿರಲೆಂದು ಒಳಗೆ ಮರಳು ಗಿಡಿದು ತುಂಬಿ, ಕೆಂಡದಲ್ಲಿ ಕೆಂಪಾಗುವಂತೆ ಕಾಸಿದರು. ಮೊದಲನೆಯದು ಸೀಳಿತು. ಎರಡನೆಯದು ಬಾಗಿತು. ಕುಳಿತವರು ಹಿಂದಕ್ಕೆ ಸರಿದುದರಿಂದ ಹ್ಯಾಂಡಲು ಕೈಗೆ ದೂರವಾಯಿತು. ಅಟ್ಟದಲ್ಲಿ ತಂದೆಯ ಬಾಡಿಗೆ ಸೈಕಲ್ಲೊಂದರ ಉದ್ದನೆಯ, ಸವಾರರ ಕಡೆಗೆ ಬಾಗಿದ ಹ್ಯಾಂಡಲಿತ್ತು. ಅದನ್ನು ಬಹಳ ಹೊತ್ತು ಸೀಮೆಎಣ್ಣೆಯಲ್ಲಿ ಒರೆಸಿದ ಮೇಲೆ ಕೂಡಿಸಿದರು. ಭಾರ ಹಿಂದೆ ಹೆಚ್ಚಾಗದಂತೆ ಅವರ ಚೀಲವಿಡಲು ಮುಂದೆ ಬುಟ್ಟಿ ಕಟ್ಟಿದರು. ದಿಲಶಾದಬಿ ಹಳೆಯ ಕೌದಿಯ ತುಂಡಿನಿಂದ ಸೀಟಿಗೊಂದು ಮೆತ್ತನೆಯ ಹೊದಿಕೆ ಹೊಲಿದರು. ಸೈಕಲ್ಲು ಅಂಗಡಿಯಲ್ಲಿದ್ದಷ್ಟು ದಿನ ಗುರುಸಿದ್ದವ್ವನವರು ರಾತ್ರಿ ನಿಲಯದಲ್ಲಿಯೇ ಉಳಿದರು.

ಈಗ ದಾರಿ ಇನ್ನೂ ಮಬ್ಬಿನಲ್ಲಿದೆ. ಅಂಗಡಿಯಿಂದ ದರ್ಗಾದವರೆಗೆ ದಾರಿ ನೇರ. ಆ ದೂರದಲ್ಲಿ ಒಂದು ಹಳದಿ ಬೆಳಕು ಮೂಡುತ್ತದೆ. ಯಮನೂರಸಾಬರು ಟ್ಯೂಬು ಕೈಬಿಟ್ಟು ಎದ್ದು ನಿಲ್ಲುತ್ತಾರೆ. ಡೈನಮೋದ ದೀಪ ಗಾಲಿ ಜೋರಾಗಿ ತಿರುಗಿದರಷ್ಟೇ ಉರಿಯುವಂಥದ್ದು. ದರ್ಗಾದ ಮುಂದೆ ಬೆಳಕು ಮಿಣುಕಿ ಆರುತ್ತದೆ.

"ಇಳದ್ಲು," ಎನ್ನುತ್ತಾರೆ ಅವರು. ದಿಲಶಾದಬಿಯೂ ಹೊರಗೆ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ದರ್ಗಾದ ಮುಂದೆ ನಡೆದು ಹಾಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕತ್ತಲೆ. ಆಮೇಲೂ ಸ್ವಲ್ಪ ಕತ್ತಲೆ. ಯಮನೂರಸಾಬರ ಕೈ ತನ್ನಷ್ಟಕ್ಕೆ ತಾನೇ ಲುಂಗಿಯ ಅಂಚನ್ನು ಹಿಂಡುತ್ತದೆ.

ಬೆಳಕು ಮತ್ತೆ ಹೊತ್ತುತ್ತದೆ. ಈ ಸಲ ಅದು ಆರದೆ, ಒಂದೇ ಹದದಲ್ಲಿ, ದೊಡ್ಡದಾಗುತ್ತಾ ಬರುತ್ತದೆ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ನೆಟ್ಟಗೆ ಮಾಡಿ, ಮಣೆಯ ಮೇಲೆ ಕುಳಿತವರಂತೆ ಕುಳಿತು ಗುರುಸಿದ್ದವ್ವನವರು ಬರುತ್ತಿದ್ದಾರೆ. ಆರು ಹೊಡೆಯಲು ಇನ್ನೂ ಹೊತ್ತಿದೆ. ನಿಲಯ ಇಲ್ಲಿಂದ ಎರಡು ಓಣಿಯಾಚೆ. ಯಮನೂರಸಾಬರು ಕೈ ಬೀಸುತ್ತಾರೆ: "ಹೋಗು ಹೋಗು, ನಿಲ್ಲಬ್ಯಾಡ!"

ಬ್ರೇಕು ಕಿರ್ ಎನ್ನುತ್ತದೆ. ಬೇವಿನ ಮರ ತಲುಪುವ ಮೊದಲೇ ಎರಡೂ ಪಾದಗಳು ಒಟ್ಟಿಗೆ ನೆಲಕ್ಕೆ ತಾಕುತ್ತವೆ. ದೀಪ ಆರುತ್ತದೆ. ಗುರುಸಿದ್ದವ್ವನವರು ಇಳಿದು, ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ಅಂಗಡಿಯ ಮುಂದೆ ಸೈಕಲ್ಲನ್ನು ನಡೆಸಿಕೊಂಡು ಹೋಗುತ್ತಾರೆ.

"ಏ ತಂಗೀ, ಇಲ್ಲಿ ಯಾಕ ಇಳದಿ? ಹೊತ್ತಾಗತೈತಿ!"

"ಇಳದರ ಏನಾತ್ರಿ ಅಣ್ಣಾರ? ಹತ್ತಾಕ ಬರತೈತಲ್ಲ ಈಗ."

"ಮಂಡಿ ಹೆಂಗೈತಿ?" ಎಂದು ದಿಲಶಾದಬಿ ಕೂಗುತ್ತಾರೆ.

"ಸುಮ್ಮನ ಐತ್ರಿ ವೈನಿ, ಸದ್ದಿಲ್ಲ!"

ತಗಡಿನ ಕೊನೆಯ ಹಾಳೆ ದಾಟಿದ ಮೇಲೆ ಗುರುಸಿದ್ದವ್ವನವರು ಸೀಟಿನ ಮೇಲೆ ಕೂರುತ್ತಾರೆ. ಕಲ್ಲನ್ನು ಹುಡುಕುವುದಿಲ್ಲ. ಎರಡೂ ಪಾದ ಊರಿ ನೆರಿಗೆ ಸರಿಪಡಿಸಿಕೊಂಡು, ಒಮ್ಮೆ ತುಳಿಯುತ್ತಾರೆ. ಬೆಳಕು ಹೊತ್ತಿಕೊಂಡು ಓಣಿಯ ತಿರುವಿನಲ್ಲಿ ಮರೆಯಾಗುತ್ತದೆ.

ದಿಲಶಾದಬಿ ಗಂಡನ ಮುಖವನ್ನೇ ನೋಡುತ್ತಾರೆ. "ಇಳಿಯೂ ಜಾಗಾ ಒಂದು ಹೆಚ್ಚಾತಲ್ರಿ."

ಯಮನೂರಸಾಬರು ಆಗಲೇ ಬೋಗುಣಿಯ ಮುಂದೆ ಕುಳಿತು ಟ್ಯೂಬಿನ ಮೇಲೆ ಬಾಗಿದ್ದಾರೆ.

"ಬ್ರೇಕಿನ ರಬ್ಬರ್ ಜಲ್ದಿ ಸವೀತಾವ," ಎನ್ನುತ್ತಾರೆ ತಲೆ ಎತ್ತದೆ. "ಗಟ್ಟೀವು ತಂದು ಹಾಕಬೇಕು."