ನಾಗಮಂಗಲ ಮಾಡಿದ ಪೆಟ್ಟಿಗೆ

ಮೊನ್ನೆ ಭಾನುವಾರ ನಮ್ಮ ಮನೆಗೆ ಒಂದು ನಿಲುವುಗನ್ನಡಿ ಬಂತು. ಕನ್ನಡಿಗಿಂತ ಅದರ ಸುತ್ತ ಬಡಿದಿದ್ದ ಹಲಗೆಪಟ್ಟಿಗಳೇ ಹೆಚ್ಚು ಭಾರ. ಅಪ್ಪ ಮೊಳೆ ಕಿತ್ತು ಮೊದಲ ಪಟ್ಟಿ ಬಿಡಿಸಿದ್ದೇ ತಡ, ಹಜಾರದ ತುಂಬ ಪೈನ್ ಮರದ ವಾಸನೆ ಹರಡಿತು. ಸ್ವಲ್ಪ ಕರ್ಪೂರದ ಹಾಗೆ, ಸ್ವಲ್ಪ ಒಣಗಿದ ನಿಂಬೆಸಿಪ್ಪೆಯ ಹಾಗೆ. ಎಲ್ಲರೂ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದರೆ ನಾನೊಬ್ಬಳು ಹಲಗೆ ಮೂಸುತ್ತ ನಿಂತಿದ್ದೆ.

"ಮದುವೆ ವಯಸ್ಸಿಗೆ ಬಂದವ್ಳು ಹಲಗೆ ಮೂಸ್ಕಂಡು ನಿಂತವ್ಳಲ್ಲ, ಯಾರಾದ್ರೂ ನೋಡುದ್ರೆ ಏನಂದಾರು?" ಎಂದರು ಅಮ್ಮ.

ಅಮ್ಮನಿಗೆ ಏನು ಹೇಳಲಿ? ಆ ವಾಸನೆ ನನ್ನನ್ನು ನೇರ ಅರಕೆರೆಯ ಒಂದು ಮನೆಯ ಜಗಲಿಗೆ ಒಯ್ದಿತ್ತು. ನಿಮ್ಮನ್ನೂ ಅಲ್ಲಿಗೆ ಕರೆದೊಯ್ಯುತ್ತೇನೆ. ಆದರೆ ಅದಕ್ಕೆ ಮೊದಲು ಪಾಂಡವಪುರದ ನಮ್ಮ ಬೀದಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ನಮ್ಮ ಪಕ್ಕದ ಮನೆ ಸೋಮಾಚಾರ್ ತಾತನದು. ರಕ್ತಸಂಬಂಧವಿಲ್ಲ, ಗೋಡೆಸಂಬಂಧ. ಹುಟ್ಟಿದ್ದು ನಾಗಮಂಗಲದ ಹತ್ತಿರದ ಹಳ್ಳಿಯಲ್ಲಿ, ಮರಗೆಲಸದ ಮನೆತನ. ಹದಿವಯಸ್ಸು ಮುಗಿಯುತ್ತಿದ್ದಂತೆ ಸೈನ್ಯಕ್ಕೆ ಬಡಗಿಯಾಗಿ ಸೇರಿದವರು, ಅಲ್ಲಿಂದ ಬಿಡುಗಡೆಯಾದ ಮೇಲೆ ಹೆಂಡತಿಯ ಊರಾದ ಪಾಂಡವಪುರದಲ್ಲೇ ನೆಲೆಸಿದರು. ಕಿಟಕಿ ಬಾಗಿಲು ಮಾಡಿಕೊಂಡಿದ್ದ ಈ ತಾತನಿಗೆ ನಮ್ಮ ಬೀದಿಯ ಮಕ್ಕಳಲ್ಲಿ ದೊಡ್ಡ ಹೆಸರಿದ್ದದ್ದು ಹಿಮದ ಕಥೆಗಳಿಂದ. ಏಪ್ರಿಲ್ ತಿಂಗಳ ಸೆಕೆಯಲ್ಲಿ, ಕರೆಂಟು ಹೋದ ಸಂಜೆ, ಅವರು ಶುರು ಮಾಡುತ್ತಿದ್ದರು: "ಅಲ್ಲಿ ಹಾಲ್ನ ಲೋಟಕ್ಕೆ ಬಗ್ಗಿಸೋ ಅಂಗೇ ಇಲ್ಲ ಕಣ್ರವ್ವ. ಗರಗಸದಾಗೆ ಕುಯ್ದು, ತುಂಡು ಮಾಡಿ ಕಾಯಿಸ್ಬೇಕು." ನಾವೆಲ್ಲ ಒಟ್ಟಿಗೆ "ಹಾ" ಎನ್ನುತ್ತಿದ್ದೆವು. ಆ "ಹಾ"ದಲ್ಲೇ ಅರ್ಧ ಸೆಕೆ ಹೋಗುತ್ತಿತ್ತು.

ಇಲ್ಲಿ ನನ್ನ ಒಂದು ಚಟದ ಬಗ್ಗೆ ಹೇಳಿಬಿಡಬೇಕು. ನಾನು ಹೈಸ್ಕೂಲಿನಿಂದ ಡೈರಿ ಬರೆಯುವವಳು. ಮನಸ್ಸಿನ ತಳಮಳ ತೋಡಿಕೊಳ್ಳುವ ಡೈರಿಯಲ್ಲ. ಕರೆಂಟು ಯಾವಾಗ ಹೋಯಿತು, ಕೆ.ಆರ್. ಪೇಟೆ ಬಸ್ಸು ಎಷ್ಟು ತಡವಾಯಿತು, ಬಂದ ನೆಂಟರಲ್ಲಿ ಯಾರು ಉಂಡರು, ಯಾರು ಬರೀ ಕಾಫಿ ಕುಡಿದು ಹೋದರು, ಇಂಥವು. ಪುಟಕ್ಕೆ ಗೆರೆ ಎಳೆದು ಕಾಲಂ ಮಾಡದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅದರಲ್ಲಿ ಒಂದು ಕಾಲಂ "ಹಿಮ". ತಾತ ಕಥೆ ಹೇಳಿದ ದಿನ ಅಲ್ಲಿ ಒಂದು ಗುರುತು. ಹಳೆಯ ಕಥೆಯಾದರೆ ಚುಕ್ಕೆ, ಹೊಸದಾದರೆ ನಕ್ಷತ್ರ. ನಗಬೇಡಿ. ನಿಮಗೂ ಇಂಥದ್ದೇನೋ ಒಂದು ಇರುತ್ತದೆ, ನೀವು ಹೇಳುವುದಿಲ್ಲ ಅಷ್ಟೆ.

ಆ ಕಾಲಂ ಒಂದು ಆಗಸ್ಟ್ ಹದಿನೈದರಿಂದ ಖಾಲಿಯಾಯಿತು.

ಅಂದು ಶಾಲೆಯ ಮೈದಾನದಲ್ಲಿ ಮಾಜಿ ಸೈನಿಕರಿಗೆ ಶಾಲು ಹೊದಿಸುವ ಕಾರ್ಯಕ್ರಮ. ಮೈಕು ಹಿಡಿದಿದ್ದವರು ಹಾಲಿನ ಡೈರಿಯ ಕರಿಯಪ್ಪಣ್ಣ. ಪರಿಚಯ ಮಾಡಿಕೊಡಲು ತಾತನ ಸೇವಾಪುಸ್ತಕ ಕೇಳಿ ಪಡೆದರು. ಪುಟ ತಿರುವಿದರು, ಮತ್ತೆ ತಿರುವಿದರು. ಆಮೇಲೆ ಮೈಕಿನಲ್ಲೇ ಕೇಳಿದರು: "ತಾತೋ, ಇದ್ರಾಗೆ ನೀನು ಪೂರಾ ಸರ್ವೀಸು ಬಯಲುನಾಡ್ನ ಡಿಪೋದಾಗೆ ಕುರ್ಚಿ ಮೇಜು ಮಾಡ್ಕಂಡಿದ್ದೆ ಅಂತ ಐತೆ. ಹಿಮ ಎಲ್ಲಿಂದ ಬಂತು? ಫ್ರಿಜ್ಜಿಂದಾನಾ?"

ಮೈದಾನಕ್ಕೆ ಮೈದಾನವೇ ನಕ್ಕಿತು. ಕರಿಯಪ್ಪಣ್ಣ ಕೆಟ್ಟವರಲ್ಲ, ನಗಿಸುವ ಆಸೆ ಹೆಚ್ಚು. ತಾತನೂ ನಕ್ಕಂತೆ ಮಾಡಿದರು. ಶಾಲು ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದರು. ಆಮೇಲೆ ಎಷ್ಟು ಸೆಕೆಯಾದರೂ, ಕರೆಂಟು ಎಷ್ಟು ಸಲ ಹೋದರೂ, ಹಿಮದ ಮಾತಿಲ್ಲ. ಮಕ್ಕಳು ಪೀಡಿಸಿದರೆ, "ಅದೆಲ್ಲ ಸುಳ್ಳಂತೆ ಕಣ್ರಪ್ಪ, ಬುಕ್ಕಲ್ಲಿ ಇಲ್ವಂತೆ" ಎಂದು ಒಳಗೆ ಹೋಗುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ತಾತನ ಮೇಲಿನ ಪ್ರೀತಿ ಎಷ್ಟು, ಖಾಲಿ ಕಾಲಂ ಕಂಡರಾಗದ ನನ್ನ ರೋಗ ಎಷ್ಟು ಎಂದು ಕೇಳಿದರೆ ಹೇಳಲಾರೆ. ಒಂದು ಸಂಜೆ ಹಿಡಿದು ಕೂರಿಸಿ ಕೇಳಿದೆ. ವಿಷಯ ಸರಳವಾಗಿತ್ತು. ಹಿಮದ ಠಾಣೆಯಲ್ಲಿ ಮರದ ಗುಡಿಸಲು ಕಟ್ಟಲು ಇನ್ನೊಂದು ಪಡೆಯವರಿಗೆ ಬಡಗಿ ಬೇಕಿತ್ತು. ತಾತನನ್ನು ಕಳಿಸಿದರು. ಒಂದು ಇಡೀ ಚಳಿಗಾಲ ಅಲ್ಲೇ ಇದ್ದರು. ಕಳಿಸಿದವರು ತಮ್ಮ ಹಾಜರಿಯಿಂದ ಹೆಸರು ತೆಗೆಯಲಿಲ್ಲ, ಕರೆಸಿಕೊಂಡವರು ತಮ್ಮ ಹಾಜರಿಗೆ ಸೇರಿಸಲಿಲ್ಲ.

"ಪಕ್ಕದ್ಮನೆಗೆ ಎರವಲು ಕೊಟ್ಟ ಮರ ಕೆತ್ತೋ ಬಾಚಿ ಅಂಗೆ ಆಯ್ತು ನನ್ನ ಕತೆ" ಎಂದರು ತಾತ. "ಕೊಟ್ಟೋರು ಮನ್ಯಾಗೇ ಐತೆ ಅಂದ್ಕಂಡ್ರು. ಈಸ್ಕಂಡೋರು ಕೆಲಸ ಮಾಡ್ಕಂಡು ಮರ್ತ್ಕಂಡ್ರು."

ಎತ್ತರದ ಹಿಮದಲ್ಲಿ ಇದ್ದವರಿಗೆ ಕೊಡುವ ಒಂದು ಪದಕ, ಆ ಗಡಿಯ ಸೇವೆಗೆ ಕೊಡುವ ಇನ್ನೊಂದು ಪದಕ, ಎರಡೂ ಹಾಗೇ ತಪ್ಪಿಹೋಗಿದ್ದವು. ಈ ಸುದ್ದಿ ನಾಗಮಂಗಲದಲ್ಲಿ ಚಿನ್ನ ಬೆಳ್ಳಿ ಕೆಲಸ ಮಾಡುವ ತಾತನ ತಮ್ಮನ ಕಿವಿಗೂ ಬಿತ್ತು. ಆತ ಬಂದವನೇ, "ಅಣ್ಣೋ, ಇಷ್ಟಕ್ಕೆ ಯಾಕೆ ಮಖ ಸಣ್ಣ ಮಾಡ್ಕಂಡಿದ್ದೀಯೆ? ನಮೂನೆ ತೋರ್ಸು. ನಾಳಿಕೆ ಒತ್ಗೆ ಎರಡಲ್ಲ, ಒಂದು ಸರ ಮಾಡ್ಕೊಡ್ತೀನಿ" ಎಂದ.

ತಾತ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಹೇಳಿದರು: "ನೀನು ಮಾಡ್ಕೊಟ್ರೆ ಅದು ಒಡವೆ ಕಣ್ಲಾ. ನಾನೇನು ಮದುವೆಗೆ ಓಗ್ಬೇಕಾ?"

ಸರಿ, ಮಾಜಿ ಸೈನಿಕರ ಕಚೇರಿಗೆ ಅರ್ಜಿ ಹಾಕಿದೆವು. ಉತ್ತರ ಬರುವಷ್ಟರಲ್ಲಿ ನಾನು ಒಂದು ಡೈರಿ ಮುಗಿಸಿ ಇನ್ನೊಂದು ಕೊಂಡಿದ್ದೆ. ಆ ಚಳಿಗಾಲ ಜೊತೆಯಲ್ಲಿದ್ದವರು ಯಾರಾದರೂ ಸಾಕ್ಷಿ ಹೇಳಬೇಕು ಎಂದರು. ಆ ಪಡೆಯಲ್ಲಿದ್ದ ನಮ್ಮ ಜಿಲ್ಲೆಯವರೊಬ್ಬರಿಗೆ ಕಚೇರಿಯವರೇ ಪತ್ರ ಬರೆದಿದ್ದರು. ವಿಚಾರಿಸಲು ಹೋದಾಗ ಗುಮಾಸ್ತರು ಓದಿ ಹೇಳಿದರು: ಅರಕೆರೆಯ ಜವರೇಗೌಡ ಎನ್ನುವವರು 'ಪಾಂಡವಪುರದ ಸೋಮಾಚಾರಿ ಎಂಬುವರು ನನಗೆ ಗೊತ್ತಿಲ್ಲ' ಎಂದು ಬರೆದು ಕಳಿಸಿದ್ದಾರೆ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ತಾತ ಕಿಟಕಿ ಕಡೆ ಮುಖ ಮಾಡಿಕೊಂಡೇ ಹೇಳಿದರು: "ಒಂದೇ ರಗ್ಗಿನ ಒಳಗೆ ಮಲಗಿದ್ವಿ ಕಣವ್ವ ನಾನೂ ಆ ಅರಕೆರೆಯೋನೂವೆ. ಅವನ ಬೆರಳು ಮರಗಟ್ಟಿದ್ರೆ ನನ್ನ ಕಂಕುಳಾಗೆ ಮಡಿಕ್ಕಂಡು ಬಿಸಿ ಮಾಡ್ತಿದ್ದೆ. ಅಂತೋನೇ ಗೊತ್ತಿಲ್ಲ ಅಂದ್ಬುಟ್ಟ ಮ್ಯಾಕೆ ಇನ್ಯಾವ ಸಾಕ್ಷಿ? ಬುಟ್ಬುಡು. ನೀನು ಆ ಕಡೆ ಓಗೋದೂ ಬ್ಯಾಡ."

ದೊಡ್ಡವರ ಮಾತು ಮೀರಬಾರದು. ಆದ್ದರಿಂದ ಅವರಿಗೆ ಹೇಳದೆ ಹೋದೆ.

ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಅರಕೆರೆಯಲ್ಲಿ ಇಳಿದಾಗ ಗದ್ದೆಗಳಿಗೆ ನಾಲೆಯ ನೀರು ಬಿಟ್ಟಿದ್ದರು. ಜವರೇಗೌಡರ ಮನೆ ಸುಲಭವಾಗಿ ಸಿಕ್ಕಿತು. ದಪ್ಪ ಮೀಸೆ, ದೊಡ್ಡ ಗಂಟಲು, ಎಡಗೈಯಲ್ಲಿ ಎರಡು ಬೆರಳ ತುದಿ ಇಲ್ಲ. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಜಗಳವನ್ನು ಅವರ ಸೊಸೆ ತಂದಿಟ್ಟ ಮಜ್ಜಿಗೆ ಅರ್ಧ ತಣ್ಣಗೆ ಮಾಡಿತು. ಉಳಿದರ್ಧ ಹೇಳಿದೆ.

"ನೋಡು ಮಗಾ" ಎಂದರು ಗೌಡರು, "ಪಾಂಡವಪುರದಾಗೆ ನಂಗೆ ಯಾವ ಆಚಾರೂ ಗೊತ್ತಿಲ್ಲ. ಗೊತ್ತಿಲ್ದೋನ್ಗೆ ಗೊತ್ತು ಅಂತ ಸೈನ್ ಆಕಾಕಾಯ್ತದಾ? ಹಿಮ ಕಂಡೋನು ನಾನು. ಕಾಣ್ದೋರೆಲ್ಲ ಮೆಡ್ಲು ಕೇಳ್ಕಂಡು ಬಂದ್ರೆ ಅಲ್ಲೇ ಸತ್ತೋದೋರ್ಗೆ ಏನು ಮರ್ವಾದೆ?"

ಅವರ ಮಾತಿನಲ್ಲಿ ಮೋಸವಿರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಹಾಗಾದರೆ ಕರಿಯಪ್ಪಣ್ಣ ಹೇಳಿದ್ದೇ ನಿಜವೇ? ಹಾಲು ಗರಗಸದಲ್ಲಿ ಕುಯ್ದದ್ದೆಲ್ಲ ಬರೀ ಕಥೆಯೇ? ಎದ್ದು ಹೋಗೋಣವೆಂದು ಮಜ್ಜಿಗೆ ಲೋಟವನ್ನು ನಾನು ಕೂತಿದ್ದ ಪೆಟ್ಟಿಗೆಯ ತುದಿಗೆ ಇಟ್ಟೆ. ಲೋಟದ ಪಕ್ಕದಲ್ಲಿ ಒಂದು ಹೂವು ಕೆತ್ತಿತ್ತು.

ಎಂಟು ಎಸಳಿನ ಹೂವು. ಏಳು ಎಸಳು ಕೆತ್ತಿ, ಎಂಟನೆಯದಕ್ಕೆ ಬರೀ ಗೀಟು ಎಳೆದು ಬಿಟ್ಟಿದ್ದರು.

ಆ ಹೂವನ್ನು ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ನಮ್ಮ ಮನೆಯ ಬಾಗಿಲಲ್ಲಿದೆ, ಮಣೆಯಲ್ಲಿದೆ, ನನ್ನ ತೊಟ್ಟಿಲಲ್ಲೂ ಇತ್ತಂತೆ. ತಾತನ ಮನೆತನದಲ್ಲಿ ಏನೇ ಮಾಡಲಿ ಒಂದು ಎಸಳು ಕೆತ್ತದೆ ಬಿಡುತ್ತಾರೆ, ಮಾಡಿದ ಕೆಲಸಕ್ಕೆ ದೃಷ್ಟಿಯಾಗಬಾರದೆಂದು. ಗೋವಿಂದನಹಳ್ಳಿಯ ಗುಡಿ ನೋಡಿಯೇ ತಮ್ಮ ಹಿರೀಕರು ಈ ಹೂವು ಕಲಿತದ್ದು ಎಂದು ತಾತ ಹೇಳುತ್ತಿದ್ದರು. ಕೆ.ಆರ್. ಪೇಟೆಗೆ ಒಂದು ಮದುವೆಗೆ ಹೋದಾಗ ನಾನು ಅಲ್ಲಿಗೂ ಹೋಗಿ ಪರೀಕ್ಷೆ ಮಾಡಿದ್ದೆ. ನಾನು ಕಂಡ ಹೂವುಗಳಲ್ಲೆಲ್ಲ ಎಸಳು ಪೂರ್ತಿ ಇದ್ದವು. ಬಂದು ಹೇಳಿದರೆ ತಾತ, "ದ್ಯಾವ್ರಿಗೆ ಯಾರ ದೃಷ್ಟಿ ತಾಕ್ತದೆ ಬುಡವ್ವ" ಎಂದುಬಿಟ್ಟಿದ್ದರು.

"ಗೌಡ್ರೇ, ಈ ಪೆಟ್ಟಿಗೆ ಯಾರು ಮಾಡಿದ್ದು?" ಎಂದೆ.

"ಅದಾ? ಅದು ನಾಗಮಂಗಲ ಮಾಡಿದ್ದು."

"ನಾಗಮಂಗಲದಲ್ಲಿ ಮಾಡಿದ್ದಾ?"

"ನಾಗಮಂಗಲ್ದಾಗಲ್ಲ ಕಣವ್ವ, ನಾಗಮಂಗಲ ಮಾಡಿದ್ದು! ಅವನು ನಾಗಮಂಗಲ, ನಾನು ಅರಕೆರೆ. ಮಾತೆತ್ತಿದ್ರೆ ಇಂದಿ ಆಡೋ ಆ ಜಾಗ್ದಾಗೆ ಊರ ಹೆಸರು ಕೂಕ್ಕಂಡ್ರೇ ನಮ್ಗೆ ಒಟ್ಟೆ ತಣ್ಣಗಾಗೋದು. ಅಪ್ಪ ಅವ್ವ ಇಟ್ಟ ಹೆಸರು ಯಾವನಿಗೆ ಬೇಕಿತ್ತು? ಮದ್ದುಗುಂಡು ಬಂದಿದ್ದ ಪೆಟ್ಟಿಗೆ ಹಲಗೆನ ಬುಡ್ಸಿ, ಒಂದು ಮೊಳೆನೂ ಇಲ್ದಂಗೆ ಮಾಡ್ಕೊಟ್ಟ ನೋಡು." ಗೌಡರು ನನ್ನನ್ನು ಎಬ್ಬಿಸಿ ಮುಚ್ಚಳ ಎತ್ತಿದರು. ಇಷ್ಟು ವರ್ಷವಾದರೂ ಒಳಗಿಂದ ಆ ಕರ್ಪೂರದ, ನಿಂಬೆಸಿಪ್ಪೆಯ ವಾಸನೆ ಬಂತು. "ಸೋಂಬೇರಿ, ಒಂದು ಎಸಳು ಕೆತ್ದೆ ಬುಟ್ಟವ್ನೆ. ಯಾಕ್ಲಾ ಅಂದ್ರೆ ದೃಷ್ಟಿ ಅಂದ. ಆ ಹಿಮದಾಗೆ ಯಾವನ್ಲಾ ದೃಷ್ಟಿ ಆಕಾಕೆ ಬತ್ತಾನೆ ಅಂದೆ! ಎಲ್ಲವ್ನೋ ಏನೋ. ಬಿಡುಗಡೆ ಆಗಿ ಬಂದ ಮ್ಯಾಲೆ ನಾಗಮಂಗಲಕ್ಕೆ ಎರಡು ದಪ ಓಗಿ ಉಡುಕ್ದೆ. ಹೆಸರು ಗೊತ್ತಿಲ್ದೆ ಯಾರ್ನ ಅಂತ ಕೇಳ್ಲಿ?"

"ಅವರೇ ನಮ್ಮ ಸೋಮಾಚಾರ್ ತಾತ!" ಎಂದು ನಾನು ಕಿರುಚಿದೆನಂತೆ. ಅವರ ಸೊಸೆ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದರು. ಅವಸರದಲ್ಲಿ ತಾತನ ನಂಬರು ಒತ್ತುವ ಬದಲು ಮೊದಲು ನಾನು ಕೆಲಸ ಮಾಡುವ ಆಫೀಸಿಗೇ ಫೋನು ಮಾಡಿದೆ. ಎರಡನೇ ಸಲ ತಾತ ಸಿಕ್ಕರು. ನಾನು ಏನಾದರೂ ಹೇಳುವ ಮೊದಲೇ ಗೌಡರು ಫೋನು ಕಿತ್ತುಕೊಂಡರು.

"ಲೇ ನಾಗಮಂಗ್ಲಾ! ಬದುಕಿದ್ದೀಯೇನ್ಲಾ?"

ನಾನೂ ಫೋನಿಗೆ ಕಿವಿ ಹಚ್ಚಿದೆ. ತಾತನ ದನಿ ಬಂತು, ಬಹಳ ಮೆಲ್ಲಗೆ. "ಅರಕೆರೆ... ಬೆರಳು ಎಂಗವ್ಲಾ?"

"ಮೂರು ಅವೆ. ಎರಡು ಅಲ್ಲೇ ಬುಟ್ಟು ಬಂದೆ."

"ಗೊತ್ತಿಲ್ಲ ಅಂತ ಬರೆದ್ಯಲ್ಲೋ ಬಡ್ಡೀಮಗನೇ."

"ಸೋಮಾಚಾರಿ ಅಂತ ಯಾವತ್ತಾದ್ರೂ ಯೋಳಿದ್ಯಾ ನೀನು? ನಾಗಮಂಗಲದೋನು ಪಾಂಡವಪುರದಾಗೆ ಯಾಕ್ಲಾ ಕೂತಿದ್ದೀಯೆ?"

"ಎಂಡ್ತಿ ಊರು ಕಣ್ಲಾ."

"ಅಂಗಾದ್ರೆ ಸರಿ ಬುಡು" ಎಂದು ಗೌಡರು ಮೀಸೆಯ ಮೇಲೆ ಇಳಿಯುತ್ತಿದ್ದ ಕಣ್ಣೀರನ್ನು ಟವೆಲಿನಿಂದ ಒರೆಸಿಕೊಂಡರು.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ, ನಡೆದದ್ದು ಮಾತ್ರ ಬೇಗ ನಡೆಯಲಿಲ್ಲ. ಶ್ರೀರಂಗಪಟ್ಟಣದ ನೋಟರಿಯ ಮುಂದೆ ಇಬ್ಬರೂ ಕೂತರು. ಇವರನ್ನು ಹೇಗೆ ಬಲ್ಲಿರಿ ಎಂದು ನೋಟರಿ ಕೇಳಿದರೆ ಗೌಡರು, "ಹೆಸರು ಗೊತ್ತಿರ್ನಿಲ್ಲ ಸ್ವಾಮಿ, ಆಳು ಗೊತ್ತಿದ್ದ" ಎಂದರು. ಹಿಮದ ಠಾಣೆಯಲ್ಲಿ ಅವರಿಬ್ಬರ ಮೇಲಿದ್ದ ಸಾಹೇಬರೊಬ್ಬರು ಈಗ ಕೊಡಗಿನಲ್ಲಿದ್ದಾರೆಂದು ಗೌಡರಿಗೆ ಗೊತ್ತಿತ್ತು. ಅವರಿಗೂ ನೆನಪಿದ್ದದ್ದು "ನಾಗಮಂಗಲ"ವೇ. ತಮ್ಮ ಗುಡಿಸಲ ಬಾಗಿಲಲ್ಲೂ ಒಂದು ಅರೆಹೂವಿತ್ತು ಎಂದು ನಕ್ಕು, ಬೇಕಾದ ಪತ್ರ ಬರೆದುಕೊಟ್ಟರು. ಕೊನೆಗೆ ದಾಖಲೆ ತಿದ್ದಿದ ಆದೇಶ ಬಂತು. ಅದರ ಹಿಂದೆಯೇ, ಮೊನ್ನೆ ಶುಕ್ರವಾರ, ಒಂದು ಸಣ್ಣ ಪೊಟ್ಟಣದಲ್ಲಿ ಎರಡು ಪದಕ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ತಾತನ ಸೈನ್ಯದ ನಂಬರು, ಹೆಸರು. ಚಿನ್ನದ ಕೆಲಸದ ತಮ್ಮ ನಾಗಮಂಗಲದಿಂದ ಓಡಿಬಂದು ಭೂತಗನ್ನಡಿಯಲ್ಲಿ ನೋಡಿ, "ಕೆಲಸ ಪರವಾಗಿಲ್ಲ" ಎಂದು ಒಪ್ಪಿಗೆ ಕೊಟ್ಟ.

ಅದಕ್ಕೇ ಭಾನುವಾರ ನಾನು ಆ ಹಲಗೆಪಟ್ಟಿಗಳನ್ನು ಬಿಡಲಿಲ್ಲ. ಎಲ್ಲವನ್ನೂ ಎದೆಗವಚಿಕೊಂಡು ಪಕ್ಕದ ಮನೆಗೆ ಓಡಿದೆ. ತಾತ ಒಂದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಆಮೇಲೆ ಗರಗಸ ಎತ್ತಿಕೊಂಡರು. ಸಂಜೆಯ ಹೊತ್ತಿಗೆ ಪದಕಗಳಿಗೆ ಒಂದು ಚೌಕಟ್ಟು ಸಿದ್ಧವಾಗಿತ್ತು. ಮೊಳೆಯಿಲ್ಲ. ಮೂಲೆಯಲ್ಲಿ ಹೂವು, ಒಂದು ಎಸಳು ಬರೀ ಗೀಟು.

ಬೀದಿಯ ಮಕ್ಕಳು ನೆರೆದರು. ಕರಿಯಪ್ಪಣ್ಣನೂ ಸ್ಕೂಟರು ನಿಲ್ಲಿಸಿ ಬಂದು, ಚೌಕಟ್ಟು ನೋಡಿ, ತಲೆ ಕೆರೆದುಕೊಂಡು, "ತಾತೋ, ಅವತ್ತು ಮೈಕಲ್ಲಿ ತಮಾಸೆಗಂದೆ. ಮನಸ್ಗಾಕ್ಕೋಬ್ಯಾಡ" ಎಂದರು. ತಾತ ಅವರಿಗೆ ಮಣೆ ತೋರಿಸಿದರು. "ಕೂತ್ಕ. ಆವತ್ತು ಪೂರ್ತಿ ಯೋಳಕ್ಕೆ ಬುಡ್ಲಿಲ್ಲ ನೀನು." ಅಷ್ಟರಲ್ಲಿ ಅರಕೆರೆಯಿಂದ ಫೋನು. ಈಗ ದಿನಾ ಬರುತ್ತದೆ. ನಾನು ಅದನ್ನು ಜೋರುದನಿಗೆ ಹಾಕಿ ಜಗಲಿಯ ಮೇಲಿಟ್ಟೆ.

ತಾತ ಶುರು ಮಾಡಿದರು. "ಆ ರಾತ್ರಿ ಹಿಮ ಬಿತ್ತು ನೋಡ್ರಪ್ಪ, ಬೆಳಗ್ಗೆ ಎದ್ರೆ ಗುಡಿಸ್ಲು ಛಾವಣಿ ಗಂಟ..."

"ಲೇ, ಸುಳ್ಳು ಯೋಳ್ಬ್ಯಾಡ್ಲಾ!" ಎಂದಿತು ಫೋನು. "ಸೊಂಟದ ಗಂಟ!"

"ನಿನ್ನ ಸೊಂಟ ಎಲ್ಲಿತ್ಲಾ, ನೀನು ಮಲಗೇ ಇದ್ದೆ! ಛಾವಣಿ!"

"ಸೊಂಟ!"

ಮಕ್ಕಳು "ಹಾ" ಎಂದರು. ಕರಿಯಪ್ಪಣ್ಣನೂ ಎಂದರು. ರಾತ್ರಿ ನಾನು ಡೈರಿ ತೆರೆದು, ಎಷ್ಟೋ ಕಾಲ ಖಾಲಿ ಬಿದ್ದಿದ್ದ ಕಾಲಂನಲ್ಲಿ ಒಂದು ನಕ್ಷತ್ರ ಹಾಕಿದೆ. ಕೆಳಗೆ 'ಹಿಮದ ಎತ್ತರ' ಎಂದು ಬರೆದು, ಮುಂದೆ ಏನನ್ನೂ ಬರೆಯದೆ ಡೈರಿ ಮುಚ್ಚಿ ಮಲಗಿದೆ. ಒಳ್ಳೆಯ ನಿದ್ದೆ ಬಂತು.