ಮೇಲೊಂದು ಹಿಡಿ ಬಿಳಿ ಪುಡಿ

ಇಂದು ಬೆಳಿಗ್ಗೆ ಮಿಕ್ಸರಿನ ಮುಚ್ಚಳ ತೆಗೆದ ಕೂಡಲೇ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ನಿಮಗೆ ಅದು ಮೂಗು ಮುಚ್ಚಿಕೊಳ್ಳುವಂಥ ವಾಸನೆ. ನನಗೆ ಹತ್ತು ವರ್ಷದಿಂದ ಅನ್ನ ಹಾಕಿದ ವಾಸನೆ. ಆದರೂ ಮೇ ತಿಂಗಳ ಕೊನೆಗೆ, ಸಮುದ್ರದ ಕಡೆಯ ಆಕಾಶ ಕಪ್ಪಾಗತೊಡಗಿದಾಗ, ಅದೇ ವಾಸನೆ ಬಂದರೆ ನಾನು ಮಿಕ್ಸರಿನ ಬಳಿ ನಿಲ್ಲದೆ ಹೊರಗೆ ಹೋಗಿಬಿಡುತ್ತೇನೆ. ಏಳು ವರ್ಷದಿಂದ ಹೀಗೆಯೇ. ಯಾಕೆಂದು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ.

ಗೋವಾದ ಸಾವರ್ಡೆಯ ಹತ್ತಿರ, ಮಳೆಗೆ ಮಾಡಿನ ಮೇಲೆ ಹೊದಿಸುವ ಪ್ಲಾಸ್ಟಿಕ್ ಹಾಳೆ, ಅಂದರೆ ತಾಡಪತ್ರಿ, ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಹಾಳೆಯ ಗಟ್ಟಿತನ ಪರೀಕ್ಷೆ ಮಾಡುವವಳು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದಾಗ ಜಗತ್ತಿನ ರಸಾಯನಶಾಸ್ತ್ರವೆಲ್ಲ ನನ್ನ ಜಂಬದ ಚೀಲದಲ್ಲೇ ಇದೆ ಅಂದುಕೊಂಡಿದ್ದೆ. ಅವ್ವ ಮಾತ್ರ ಓಣಿಯವರಿಗೆಲ್ಲ, "ನಮ್ಮಾಕಿ ಗೋವಾದಾಗ ಹಾಳಿ ಜಗ್ಗಿ ಹರಿಯೂ ನೌಕರಿ ಮಾಡ್ತಾಳ" ಎಂದು ಹೇಳಿಕೊಂಡು ಬರುತ್ತಿದ್ದಳು. ಸುಳ್ಳೇನಲ್ಲ. ಹಾಳೆಯ ಪಟ್ಟಿ ಕತ್ತರಿಸಿ ಯಂತ್ರಕ್ಕೆ ಕಚ್ಚಿಸಿ, ಎಷ್ಟು ಜಗ್ಗಿದರೆ ಹರಿಯುತ್ತದೆ ಎಂದು ಬರೆದಿಡುವುದೇ ನನ್ನ ಕೆಲಸ.

ಏಳು ವರ್ಷದ ಹಿಂದೆ ನಾವು ಪ್ಲಾಸ್ಟಿಕ್ಕಿಗೆ ಹೊಸದೊಂದು ಬಿಳಿ ಪುಡಿ ಸೇರಿಸಲು ಶುರು ಮಾಡಿದ್ದೆವು. ಝಿಂಕ್ ಆಕ್ಸೈಡಿನ ನ್ಯಾನೋ ಪುಡಿ. ಒಂದು ಕೂದಲೆಳೆಯ ಅಗಲದಲ್ಲಿ ಸಾವಿರಗಟ್ಟಲೆ ಕಣ ಕೂರಬೇಕು, ಅಷ್ಟು ಸಣ್ಣವು. ಹದವಾಗಿ ಬೆರೆತರೆ ಸುಡುಬಿಸಿಲನ್ನು ತಾವೇ ತಡೆದು ಹಾಳೆಯನ್ನು ಬೇಗ ಮುಪ್ಪಾಗದಂತೆ ಕಾಯುತ್ತವೆ, ಗಟ್ಟಿತನವನ್ನೂ ಕೊಡುತ್ತವೆ. ಹೆಚ್ಚಾದರೆ ಬೇರೆಯದೇ ಕಥೆ. ಝುಣಕ ಮಾಡುವಾಗ ಕಡಲೆಹಿಟ್ಟು ಒಮ್ಮೆಲೇ ಸುರಿದರೆ ಗಂಟು ಕಟ್ಟುವುದಿಲ್ಲವೇ, ಹಾಗೆ ಕಣಗಳು ಒಂದನ್ನೊಂದು ಅಂಟಿಕೊಂಡು ಗಂಟಾಗುತ್ತವೆ. ಹಾಳೆ ಹರಿಯಲು ಶುರುವಾಗುವುದೇ ಆ ಗಂಟಿನಿಂದ.

ಇದೆಲ್ಲ ನನಗೆ ಗೊತ್ತಿತ್ತು. ಮಿಕ್ಸರ್ ನಡೆಸುವ ಬಸಪ್ಪ ಕಾಕಾನಿಗೆ ನಾನು ಹೇಳಿದ್ದು ಇಷ್ಟೇ: "ಕಾಕಾ, ಈ ಪುಡಿ ಹಾಕಿದ್ರ ಹಾಳಿ ಗಟ್ಟಿ ಆಗ್ತೈತ್ರಿ. ಚೀಲಕ್ಕ ಇಷ್ಟು ತೂಗಿ ಹಾಕ್ರಿ." ಉಳಿದದ್ದು ಅವನಿಗೆ ಯಾಕೆ ಬೇಕು ಎಂಬ ಸೊಕ್ಕು. ಎಂ.ಎಸ್ಸಿ. ಮಾಡಿದವಳು ನಾನಲ್ಲವೇ!

ಬಸಪ್ಪ ಕಾಕಾ ಗೋವಾಕ್ಕೆ ಬರುವ ಮೊದಲು ವಿಜಯಪುರದ ಒಂದು ಕಾಳಿನ ಅಂಗಡಿಯಲ್ಲಿ ಜೋಳ ಅಳೆಯುತ್ತಿದ್ದವನು. ಅಳತೆ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಅವನ ಕೈ ಹಿಂದೆ ಬರುತ್ತಿರಲಿಲ್ಲ. ನನಗೆ ಊಟದ ಡಬ್ಬಿಯಿಂದ ಶೇಂಗಾ ಚಟ್ನಿ ಕೊಡುವಾಗಲೂ ಅಷ್ಟೇ. ಒಂದು ಚಮಚ ಹಾಕಿ, ನಾನು ಸಾಕು ಅಂದ ಮೇಲೆ ಇನ್ನೊಂದು. ಆ ಕೊಸರಿನ ಚಟ್ನಿ ತಿಂದೂ ತಿಂದೂ ನನಗೆ ಹೊಳೆಯಲಿಲ್ಲ ನೋಡಿ.

ಮಳೆಗೆ ಮುಂಚೆ ಪ್ರತಿ ಕೆಲಸಗಾರನ ಮನೆಗೂ ಒಂದೊಂದು ತಾಡಪತ್ರಿ ಕೊಡುವುದು ನಮ್ಮ ಕಾರ್ಖಾನೆಯ ಪದ್ಧತಿ. ಮಾರುವ ಹಾಳೆಗಳಲ್ಲವಲ್ಲ ಎಂದು ಅವನ್ನು ನಾನು ಮೊದಲೇ ಪರೀಕ್ಷಿಸುತ್ತಿರಲಿಲ್ಲ. ಆ ವರ್ಷದ ಹಾಳೆಗಳನ್ನು ಹಂಚಿ ವಾರವಾದ ಮೇಲೆ, ಉಳಿದಿದ್ದ ಒಂದು ತುಂಡನ್ನು ಯಂತ್ರಕ್ಕೆ ಕಚ್ಚಿಸಿದೆ. ಅರ್ಧ ಜಗ್ಗುವಷ್ಟರಲ್ಲಿ ಪಟ್ಟನೆ ಹರಿಯಿತು. ಹರಿದ ಅಂಚಿನಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ. ಓಡಿಹೋಗಿ ಕಾಕಾನನ್ನು ಕೇಳಿದೆ.

"ಹೌದ್ರಿ ಅಕ್ಕಾರ," ಎಂದ ಅವನು ಹೆಮ್ಮೆಯಿಂದ. "ನಮ್ಮ ಮಂದಿ ತಲಿ ಮ್ಯಾಲಿನ ಹಾಳಿ ಅಲ್ಲೇನ್ರಿ? ತೂಕ ಮಾಡಿ ಹಾಕಿ, ಮ್ಯಾಲ ಎರಡೆರಡು ಹಿಡಿ ಹಾಕೇನಿ. ಮನ್ಯಾಗ ಮಗಳು ಬಾಳಂತಿ ಅದಾಳ, ಕೂಸಿನ ತೊಟ್ಟಿಲ ಆ ಹಾಳಿ ಕೆಳಗ ಕಟ್ಟೇವ್ರಿ. ಈ ಸಲ ಮಳಿ ಎಷ್ಟರ ಬರ್ಲಿ!"

ನಾನು ಏನು ಹೇಳಬೇಕಿತ್ತು, ನಿಮಗೇ ಗೊತ್ತು. ನಾನು ಹೇಳಿದ್ದು "ನೋಡೋಣ್ರಿ" ಎಂದಷ್ಟೇ. ಹೇಳಿದರೆ ನಾನು ಅವನಿಗೆ ಅರ್ಧವೇ ಪಾಠ ಹೇಳಿದ್ದೂ ಬಯಲಾಗುತ್ತಿತ್ತು. ಎರಡು ದಿನ ಕಿಟಕಿಯ ಬಳಿ ನಿಂತು ಮೋಡ ನೋಡಿದೆ. ಮೂರನೆಯ ದಿನ ಮಧ್ಯಾಹ್ನ ಮಳೆ ಹೊಯ್ಯತೊಡಗಿದಾಗ ತಡೆಯಲಾಗಲಿಲ್ಲ. ಹಳೆಯ ದಾಸ್ತಾನಿನ ಒಂದು ಹಾಳೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಕಾನ ಮನೆಗೆ ರಿಕ್ಷಾ ಹತ್ತಿದೆ.

ನಾನು ತಲುಪುವ ಹೊತ್ತಿಗೆ ಹಾಳೆ ಹರಿದಾಗಿತ್ತು. ನೀರು ನಿಂತ ಭಾರಕ್ಕೆ ನಟ್ಟನಡುವೆ ಸೀಳಿ ತೊಟ್ಟಿಲೊಳಗೇ ಸುರಿದಿತ್ತು. ಕೂಸಿಗೆ ಹಾಲು ಕುಡಿಸಲೆಂದು ಅದೇ ಆಗ ಎತ್ತಿಕೊಂಡಿದ್ದಳಂತೆ ರೇಣುಕಾ, ಕಾಕಾನ ಮಗಳು. ಒದ್ದೆ ಕೌದಿಯ ಪಕ್ಕ ಮಗುವನ್ನು ಅವುಚಿಕೊಂಡು ನಡುಗುತ್ತಿದ್ದಳು. ಆ ಖಾಲಿ ತೊಟ್ಟಿಲು ನೋಡಿ ನನಗೆ ಜೀವ ಹೋಗಿ ಬಂದಂತಾಯಿತು.

ಮರುದಿನ ಕಾರ್ಖಾನೆಯ ಸಾಹೇಬರು ಎಲ್ಲರನ್ನೂ ಕರೆದು, ಪುಡಿ ಹೆಚ್ಚಾಗಿ ಹಾಳೆ ಹರಿದಿದೆ, ಯಾರ ತಪ್ಪು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ, "ತಪ್ಪು ನಂದ್ರಿ, ನಾನ ಹೆಚ್ಚು ಹಾಕಿದೆ" ಎಂದ. ನನ್ನ ಬಾಯಿ ಮುಚ್ಚಿಯೇ ಉಳಿಯಿತು. ಉಳಿದ ಮನೆಗಳ ಹಾಳೆಗಳನ್ನು ಅವನೇ ಮಳೆಯಲ್ಲಿ ನೆನೆಯುತ್ತ ಮನೆಮನೆಗೆ ಹೋಗಿ ಬದಲಿಸಿ ಬಂದ. ಅವನನ್ನು ಮಿಕ್ಸರಿನಿಂದ ತೆಗೆದು, ಸಿದ್ಧವಾದ ಹಾಳೆಗಳ ಗಂಟು ಕಟ್ಟುವ ವಿಭಾಗಕ್ಕೆ ಹಾಕಿದರು. ಕೆಲಸ ಬಿಡುವವರೆಗೂ ಅಲ್ಲೇ ಇದ್ದ. ನನಗೆ ಚಟ್ನಿ ಕೊಡುವುದನ್ನು ಮಾತ್ರ ಬಿಡಲಿಲ್ಲ. ಆ ಚಟ್ನಿ ತಿನ್ನುವುದಕ್ಕಿಂತ ಬೈಸಿಕೊಳ್ಳುವುದೇ ಸುಲಭವಿತ್ತು.

ಈಗ ಮಿಕ್ಸರ್ ನಡೆಸಲು ಹೊಸದಾಗಿ ಬಂದವಳು ರೇಣುಕಾ. ಇಂದು ಬೆಳಿಗ್ಗೆ ಪುಡಿ ತೂಗುತ್ತ, ನನ್ನ ಮುಖ ನೋಡದೆ ಕೇಳಿದಳು: "ಅಕ್ಕಾರ, ಅಪ್ಪ ತೂಕ ತಿಳೀಲಾರದ ಕೆಡಿಸಿದ್ದ ಅಂತಾರ ಎಲ್ಲಾರೂ. ಖರೇ ಏನ್ರಿ?"

ಹೋಗಿ ಅವಳ ಎದುರಿಗೆ ನಿಂತೆ.

"ಇಲ್ಲವ್ವಾ. ಹೆಚ್ಚಾದ್ರ ಕೆಡತೈತಿ ಅಂತ ನಾ ನಿಮ್ಮಪ್ಪಗ ಹೇಳೇ ಇದ್ದಿಲ್ಲ. ಗೊತ್ತಾದ ಮ್ಯಾಲೂ ಎರಡು ದಿನ ಸುಮ್ಮನಿದ್ದೆ."

ರೇಣುಕಾ ತೂಕ ಮಾಡುವುದನ್ನು ನಿಲ್ಲಿಸಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಕೈ ಒರೆಸಿಕೊಂಡು ಫೋನ್ ತೆಗೆದು, ಸ್ಪೀಕರ್ ಹಚ್ಚಿ ನನ್ನ ಮುಂದೆ ಹಿಡಿದಳು. "ಅಪ್ಪಗ ಹೇಳ್ರಿ."

ತೊದಲುತ್ತ ಎಲ್ಲವನ್ನೂ ಹೇಳಿದೆ. ಮಗಳು ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದಾಳೆಂದು ಗೊತ್ತಿರದ ಬಸಪ್ಪ ಕಾಕಾನ ದನಿ ಮೆಲ್ಲಗೆ ಬಂತು:

"ಅಕ್ಕಾರ, ನನ್ನ ಮಗಳೂ ಅಪ್ಪಗ ತೂಕ ತಿಳೀಲಿಲ್ಲ ಅಂತ ತಿಳಕೊಂಡಾಳ. ಇದನ್ನ ರೇಣುಕಾನ ಮುಂದನೂ ಒಂದೀಟು ಹೇಳ್ತೀರೇನ್ರಿ?"