ರೊಟ್ಟಿಗೆ ಹುಳಿ ಹಾಕುವವರು ಯಾರು?

ಚಿಕ್ಕವನಿದ್ದಾಗ ನಾನು ಹುಳಿ ಎಂದರೆ ಹುಣಸೆಹುಳಿ ಒಂದೇ ಎಂದುಕೊಂಡಿದ್ದೆ, ಮಕ್ಕಳೇ. ಅಮ್ಮ ಅದನ್ನು ಕಿವುಚಿ ಮೀನುಸಾರಿಗೆ ಹಾಕಿದರೆ ಅಲ್ ಗುಬ್ರಾದ ನಮ್ಮ ಪುಟ್ಟ ಫ್ಲಾಟ್ ಇಡೀ ಘಮ್ಮೆನ್ನುತ್ತಿತ್ತು. ನಮ್ಮದು ಊರಿನಿಂದ ಮಸ್ಕತ್ತಿಗೆ ಬಂದ ತುಳು ಮಾತಿನ ಕ್ರೈಸ್ತ ಮನೆ. ಮನೆಪ್ರಾರ್ಥನೆ ನಡೆಸುತ್ತಿದ್ದ ದೊಡ್ಡಪ್ಪ, ಪಸ್ಕ ಹಬ್ಬದಲ್ಲಿ ಯೆಹೂದ್ಯರು 'ಹುಳಿಯಿಲ್ಲದ ರೊಟ್ಟಿ' ತಿಂದರು ಎಂದು ಓದಿದಾಗಲೆಲ್ಲ ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ರೊಟ್ಟಿಗೆ ಯಾರಾದರೂ ಹುಳಿ ಹಾಕುತ್ತಾರೆಯೇ? ಕೇಳುವ ಹಾಗಿರಲಿಲ್ಲ. ದೊಡ್ಡಪ್ಪ ಓದುವಾಗ ಮಕ್ಕಳು ಕೈಕಟ್ಟಿ ಬಾಯಿಮುಚ್ಚಿ ಕೂರಬೇಕಿತ್ತು.

ಅಪ್ಪ ಪಕ್ಕದ ಘಾಲಾದ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದರು. ತಮ್ಮ ದೇಶಕ್ಕೆ ಹಿಂದಿರುಗುತ್ತಿದ್ದ ಇಂಗ್ಲಿಷ್ ಎಂಜಿನಿಯರ್ ಒಬ್ಬರು ಅವರಿಗೆ ಒಂದು ಪೆಟ್ಟಿಗೆ ಪುಸ್ತಕ ಕೊಟ್ಟುಹೋದರು. ಅದರಲ್ಲಿ, ಯೆಹೂದ್ಯರು ಪಸ್ಕದ ಊಟಕ್ಕೆ ಕೂತಾಗ ಓದುವ ಪುರಾತನ ಗ್ರಂಥವೂ ಇತ್ತು. ಗುಲಾಮರಾಗಿದ್ದ ಅವರ ಹಿರಿಯರು ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಬಿಡುಗಡೆಯಾದ ಕಥೆ. ಅದರ ಹಳೇ ಇಂಗ್ಲಿಷೋ, ಕಬ್ಬಿಣದ ಕಡಲೆ! ನಮ್ಮ ಶಾಲೆಯಲ್ಲಿ ಕನ್ನಡ ಇರಲಿಲ್ಲ. ಅಕ್ಕ ಮಾತ್ರ ಕೆಲವು ವರ್ಷ ಊರಿನಲ್ಲೇ ಓದಿ ಬಂದವಳು. ಅವಳು ಅದನ್ನು ನಮಗೆ ತಿಳಿಯುವ ಕನ್ನಡಕ್ಕೆ ಇಳಿಸತೊಡಗಿದಳು. ಬರೆದದ್ದನ್ನು ನನಗೆ ಓದಿ ಹೇಳುವಳು. ನನ್ನ ಹುಬ್ಬು ಗಂಟಾದರೆ ಆ ಸಾಲನ್ನು ಹೊಡೆದುಹಾಕಿ ಮತ್ತೆ ಬರೆಯುವಳು.

ಶುಭ ಶುಕ್ರವಾರದ ಮುನ್ನಾದಿನ ಸಂಜೆ ದೊಡ್ಡಪ್ಪನ ಮನೆಯಲ್ಲಿ ಅಕ್ಕ ಅದನ್ನು ಎಲ್ಲರ ಮುಂದೆ ಓದುವುದೆಂದು ಮಾತಾಗಿತ್ತು. ಎಣ್ಣೆ ಹಾಕಿ ಬಿಗಿಯಾಗಿ ಎರಡು ಜಡೆ ಹೆಣೆದುಕೊಂಡು ಬಂದಿದ್ದಳು. ಹಳೆಯ ಏಸಿ ಗುರ್ರೆನ್ನುತ್ತಿತ್ತು. ದೊಡ್ಡಪ್ಪ ಹಾಳೆಗಳ ಮೇಲೆ ಕಣ್ಣಾಡಿಸಿದವರೇ ಕೆಂಡವಾದರು.

"ಎಂತ ಇದು? ಇಷ್ಟು ಹಳೇ ಗ್ರಂಥಕ್ಕೆ ನೀರುದೋಸೆ ಸೇರಿಸ್ಲಿಕ್ಕೆ ಉಂಟಾ? ಓದುದು ಬೇಡ, ಖಲಾಸ್!" ಎಂದು ಹಾಳೆಗಳನ್ನು ಮಡಚಿ ಜೇಬಿಗೆ ಸೇರಿಸಿದರು.

ಅಣ್ಣನ ಮುಂದೆ ಅಪ್ಪ ತಲೆತಗ್ಗಿಸಿದರು. ಅಕ್ಕನ ಕಣ್ಣು ತುಂಬಿತು. ನನಗೆ ಮೈಯೆಲ್ಲ ಉರಿಯಿತು. ಪಸ್ಕದ ಊಟದಲ್ಲಿ ಎಲ್ಲರಿಗಿಂತ ಚಿಕ್ಕ ಮಗು ಪ್ರಶ್ನೆ ಕೇಳಬೇಕು, ದೊಡ್ಡವರು ಉತ್ತರ ಹೇಳಲೇಬೇಕು ಎಂದು ಅಕ್ಕ ಹೇಳಿದ್ದಳು. ಅಲ್ಲಿ ಎಲ್ಲರಿಗಿಂತ ಚಿಕ್ಕವನು ನಾನೇ. ಅಕ್ಕ ಓದಿ ಹೇಳಿದ್ದರಿಂದ ಉತ್ತರ ಗೊತ್ತಿದ್ದೂ ಎದ್ದು ನಿಂತೆ.

"ದೊಡ್ಡಪ್ಪಾ, ರೊಟ್ಟಿಗೆ ಹುಳಿ ಯಾರು ಹಾಕ್ತಾರೆ?"

ಎಲ್ಲರೂ ಗೊಳ್ಳೆಂದರು. "ಕೂತ್ಕೋ!" ಎಂದರು ದೊಡ್ಡಪ್ಪ. ನಾನು ಕೂರಲಿಲ್ಲ. ಮತ್ತೆ ಕೇಳಿದೆ.

"ಹುಳಿ ಅಂದ್ರೆ... ಅದು ಕಲ್ಮಷದ ಸಂಕೇತ," ಎಂದರು.

"ಕಲ್ಮಷ ಅಂದ್ರೆ ಎಂತ?"

ದೊಡ್ಡಪ್ಪ ಬೈಬಲಿನ ಪುಟ ಮಗುಚತೊಡಗಿದರು. ಆಗ ಅಪ್ಪ ತಲೆಯೆತ್ತಿ, "ಅಣ್ಣಾ, ಅವಳಿಗೆ ಗೊತ್ತುಂಟು. ಅವಳೇ ಹೇಳ್ಲಿ," ಎಂದರು. ಅಣ್ಣನಿಗೆ ಅಪ್ಪ ಎದುರಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಕ್ಕ ಕಣ್ಣೊರೆಸಿಕೊಂಡು ಎದ್ದಳು. "ಹಾಳೆ ನಿಮ್ಮಲ್ಲೇ ಇರ್ಲಿ ದೊಡ್ಡಪ್ಪ, ನಂಗೆ ಬಾಯಲ್ಲೇ ಬರ್ತದೆ. ಉದ್ದಿನ ದೋಸೆ ಹಿಟ್ಟು ಹುಳಿ ಬರ್ಲಿಕ್ಕೆ ರಾತ್ರಿಯಿಡೀ ಬೇಕಲ್ಲ? ಆ ಗುಲಾಮರಿಗೆ ಅಷ್ಟು ಹೊತ್ತು ಇರ್ಲಿಲ್ಲ, ಓಡ್ಲಿಕ್ಕಿತ್ತು. ನಮ್ಮ ನೀರುದೋಸೆ ಹಾಗೆ, ಹುಳಿ ಬರುವ ಮೊದ್ಲೇ ರೊಟ್ಟಿ ಸುಟ್ಟು ಕಟ್ಟಿಕೊಂಡ್ರು. ಆ ಗ್ರಂಥದಲ್ಲಿ ನಾಲ್ಕು ಮಕ್ಕಳಿದ್ದಾರೆ. ಒಬ್ಬ ಜಾಣ, ಒಬ್ಬ ತಂಟೆಕೋರ, ಒಬ್ಬ ಏನೂ ಅರಿಯದ ಪಾಪದವ, ಇನ್ನೊಬ್ಬನಿಗೆ ಕೇಳ್ಲಿಕ್ಕೇ ಗೊತ್ತಿಲ್ಲ. ಒಬ್ಬೊಬ್ಬನಿಗೂ ಅವನಿಗೆ ಅರ್ಥ ಆಗುವ ಹಾಗೆ ಹೇಳ್ಬೇಕಂತೆ. ಇದು ಗ್ರಂಥದ್ದೇ ಮಾತು, ನಂದಲ್ಲ."

ಆಮೇಲೆ ಇಡೀ ಕಥೆ ಹೇಳಿದಳು. ಸಮುದ್ರ ಎದುರಿಗೆ, ಐಗುಪ್ತದ ರಾಜ ಫರೋಹನ ದಂಡು ಬೆನ್ನಿಗೆ, ಎನ್ನುವಲ್ಲಿ ಉಸಿರು ತೆಗೆದುಕೊಳ್ಳಲು ನಿಂತಳು. "ಮತ್ತೆ?" ಎಂದಿತು ಒಂದು ದನಿ. ಅದು ದೊಡ್ಡಪ್ಪನದು! ಹಾಳೆಗಳನ್ನು ಮಾತ್ರ ಅವರು ಹಿಂದೆ ಕೊಡಲಿಲ್ಲ. ಹೋಗಲಿ ಬಿಡಿ, ನಮಗೂ ಬೇಕಿರಲಿಲ್ಲ.

ನಿಮ್ಮ ಕಾಲ ಬೇರೆ. ನೀವು ಏನು ಕೇಳಿದರೂ ಫೋನು ಥಟ್ಟನೆ ಉತ್ತರ ಕೊಡುತ್ತದೆ, 'ಕೂತ್ಕೋ' ಎಂದು ಗದರುವುದಿಲ್ಲ. ಆದರೂ ಅಜ್ಜನ ಕನ್ನಡ ಕಷ್ಟ ಎಂದು ನೀವು ಸುಮ್ಮನೆ ಎದ್ದುಹೋಗುತ್ತೀರಿ. ಅರ್ಥವಾಗದಿದ್ದರೆ ತಪ್ಪು ನಿಮ್ಮದಲ್ಲ, ಹೇಳಿದವನದು. ಎದ್ದುಹೋಗಬೇಡಿ, ಎದ್ದುನಿಂತು ಕೇಳಿ. ನನಗೂ ವಯಸ್ಸಾಯಿತು, ಯಾವತ್ತಾದರೂ ಸಿಟ್ಟಿನಲ್ಲಿ 'ಕೂತ್ಕೋ' ಎಂದೇನು. ಕೂರಬೇಡಿ.